ಅಜ್ಜನನ್ನು ಹಿಂದೆ ಹಾಕಿದ್ದು

“ನಾ ಬಿದ್ದಿಲ್ಲ. ಇಳದೇನಿ,” ಎಂದ ಅಜ್ಜ.

“ಗಟಾರದಾಗ?” ಎಂದು ಕೇಳಿದ ಅಪ್ಪ.

“ಎಲ್ಲಿ ಬೇಕಾದ್ರೂ ಇಳಿಯಬಹುದು. ನನ್ನ ಸೈಕಲ್, ನನ್ನ ಕಾಲು.”

ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನ ಮೊಣಕಾಲಿಗೆ ಅವ್ವ ಅರಿಶಿನ ಹಚ್ಚುತ್ತಿದ್ದಳು. ಅಜ್ಜನ ಕಿವಿಯ ಹಿಂದೆ ಗಟಾರದ ಕೆಸರು ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎಂಟನೇ ಕ್ಲಾಸಿನ ಪ್ರಿಯಾಂಕಾ ಹೋಮ್‌ವರ್ಕ್ ಮಾಡುವ ನೆಪದಲ್ಲಿ ಬಾಗಿಲಿಗೆ ಒರಗಿ ಕೂತು, ನಗು ತಡೆಯಲು ಪೆನ್ನಿನ ಕ್ಯಾಪ್ ಕಚ್ಚಿಕೊಂಡಿದ್ದಳು.

ಅಜ್ಜನ ಹೆಸರು ಪರಮೇಶಪ್ಪ. ಹಾವೇರಿ ಸುತ್ತಮುತ್ತಲಿನ ಊರುಗಳಲ್ಲಿ ಕರೆಂಟಿನ ಕಂಬ ಹತ್ತಿ ಇಳಿದು ರಿಟೈರ್ ಆದ ಲೈನ್‌ಮನ್. ರಿಟೈರ್ ಆದ ಮೇಲೆ ಕಂಬ ಹತ್ತುವುದನ್ನು ಬಿಟ್ಟ, ಸೈಕಲ್ ಬಿಡಲಿಲ್ಲ. ಖಾಕಿ ಪ್ಯಾಂಟೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಪ್ಯಾಂಟಿನ ತುದಿ ಚೈನಿಗೆ ಸಿಗದಂತೆ ರಬ್ಬರ್ ಬ್ಯಾಂಡ್ ಹಾಕಿ, ಕಾಗಿನೆಲೆ ರಸ್ತೆ ಹಿಡಿದು ಬ್ಯಾಡಗಿಗೆ ಹೋಗುತ್ತಿದ್ದ. ಅಲ್ಲಿ ಅವನ ಗೆಳೆಯ ಯೂಸುಫಸಾಬನ ಸೈಕಲ್ ಅಂಗಡಿ ಇತ್ತು. ಅಲ್ಲೊಂದು ಕಪ್ ಚಹಾ, ಆಮೇಲೆ ವಾಪಸ್ ಮನೆಗೆ. ನೋಡಿದವರಿಗೆ ಕಾಣುತ್ತಿದ್ದದ್ದು ಇಷ್ಟೇ.

ಕಾಣದೇ ಇದ್ದದ್ದು ಏನೆಂದರೆ, ಅಜ್ಜ ದಿನಾ ರೇಸ್ ಮಾಡುತ್ತಿದ್ದ.

ಮುಂದೆ ಯಾವನಾದರೂ ಕಾಲೇಜು ಹುಡುಗ ಸಿಳ್ಳೆ ಹಾಕುತ್ತ ಸೈಕಲ್ ತುಳಿಯುತ್ತಿದ್ದರೆ ಸಾಕು, ಅಜ್ಜನ ಬೆನ್ನು ಬಾಗುತ್ತಿತ್ತು, ಕಣ್ಣು ಸಣ್ಣಗಾಗುತ್ತಿದ್ದವು. ಹುಡುಗನನ್ನು ದಾಟಿ, ಒಂದೇ ಒಂದು ಸಲ ಬೆಲ್ ಹೊಡೆದು, ಹಿಂದೆ ತಿರುಗಿಯೂ ನೋಡದೆ ಹೋಗಿಬಿಡುತ್ತಿದ್ದ. ಪಾಪ, ಆ ಹುಡುಗನಿಗೆ ತಾನು ರೇಸಿನಲ್ಲಿದ್ದೆ ಅಂತಲೂ ಗೊತ್ತಿಲ್ಲ, ಸೋತೆ ಅಂತಲೂ ಗೊತ್ತಿಲ್ಲ. ಯೂಸುಫಸಾಬನಿಗೆ ಮಾತ್ರ ಎಲ್ಲ ವರದಿ ಮುಟ್ಟುತ್ತಿತ್ತು.

“ಇವತ್ತ ಇಬ್ಬರನ್ನ ಹಿಂದ ಹಾಕಿದೆ. ಅದರಾಗ ಒಬ್ಬಂವ ಪೊಲೀಸ್ ಆಗಾಕ ದಿನಾ ಓಡಂವ!”

“ಅಂವಗ ಜ್ವರ ಬಂದಿತ್ತೇನೋ ನೋಡು,” ಅನ್ನುತ್ತಿದ್ದ ಯೂಸುಫಸಾಬ.

ಈ ರೇಸಿಗೆ ಕಾನೂನೂ ಇತ್ತು. ಹಾಲಿನ ಕ್ಯಾನ್ ಕಟ್ಟಿಕೊಂಡವನನ್ನು ದಾಟಿದರೆ ಅದು ಲೆಕ್ಕಕ್ಕಿಲ್ಲ. ಡಬಲ್ ಸೀಟ್ ಹೋಗುವವರೂ ಲೆಕ್ಕಕ್ಕಿಲ್ಲ. ಪಂಕ್ಚರ್ ಆಗಿ ಸೈಕಲ್ ತಳ್ಳಿಕೊಂಡು ಹೋಗುವವನಂತೂ ಇಲ್ಲವೇ ಇಲ್ಲ. ಅಂಥವನೊಬ್ಬನನ್ನು ಅಜ್ಜ ಒಮ್ಮೆ ಮೆಲ್ಲಗೆ ಲೆಕ್ಕಕ್ಕೆ ಸೇರಿಸಿದ್ದಕ್ಕೆ ಮುದುಕರಿಬ್ಬರೂ ಒಂದು ವಾರ ಮಾತು ಬಿಟ್ಟಿದ್ದರು. ಎಲ್ಲಕ್ಕಿಂತ ದೊಡ್ಡ ಕಾನೂನು ಟ್ರ್ಯಾಕ್ಟರಿನದು. ಟ್ರ್ಯಾಕ್ಟರಿನ ಹಿಂದೆ ಕೈ ಹಿಡಿದು ತುಳಿಯದೇ ಹೋಗುವವನು ರೇಸಿನವನೇ ಅಲ್ಲ.

“ಅಂಥಾಂವ ಸೈಕಲ್ ಮ್ಯಾಲಿನ ಮೂಟಿ,” ಅನ್ನುತ್ತಿದ್ದ ಅಜ್ಜ.

ಪ್ರಿಯಾಂಕಾಳಿಗೆ ಇದೆಲ್ಲ ಗೊತ್ತಿತ್ತು. ಸ್ಕೂಲಿಗೆ ಹೋಗುವಾಗ ಗಾಳಿ ಹಾಕಿಸಲು ಅದೇ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು.

“ಸಾಕು ಅಪ್ಪಾ,” ಎಂದ ಪ್ರಿಯಾಂಕಾಳ ಅಪ್ಪ. ಅವನ ಹೆಸರು ಶಶಿಕಾಂತ. ಬ್ಯಾಡಗಿಯಲ್ಲಿ ಅವನದೊಂದು ಸ್ಟೇಶನರಿ ಅಂಗಡಿ ಇತ್ತು. “ಇನ್ನ ಮ್ಯಾಲೆ ಸೈಕಲ್ ಬ್ಯಾಡ. ಎಲ್ಲಿ ಹೋಗೂದಿದ್ರೂ ನನಗ ಹೇಳ್ರಿ, ಗಾಡಿ ಮ್ಯಾಲೆ ಬಿಡ್ತೀನಿ.”

“ನಿನ್ನ ಗಾಡಿ ಹಿಂದ ಕಟಗೊಂಡ ಹೋಗಾಕ ನಾ ಏನು ಗ್ಯಾಸ್ ಸಿಲಿಂಡರ್ ಏನು?”

“ನಿಮಗ ವಯಸ್ಸಾತು.”

“ಯಾರಿಗೆ? ನಿನ್ನೆ ಒಬ್ಬ ಡಿಗ್ರಿ ಹುಡುಗನ್ನ ಹಿಂದ ಹಾಕೇನಿ! ಈ ರೋಡಿನ್ಯಾಗ ನನ್ನ ಹಿಂದ ಹಾಕೋ ಹುಡುಗ್ರು ಯಾರರ ಇದ್ರ ತೋರಸು!”

ಅಪ್ಪ ಸುತ್ತ ನೋಡಿದ. ಅವನ ಕಣ್ಣು ಬಾಗಿಲ ಬಳಿ ಬಂದು ನಿಂತಿತು.

“ಅಕೀನ್ನ ಹಿಂದ ಹಾಕ್ರಿ ನೋಡೋಣ.”

ಪ್ರಿಯಾಂಕಾಳ ಬಾಯಿಂದ ಪೆನ್ನಿನ ಕ್ಯಾಪ್ ಕೆಳಗೆ ಬಿತ್ತು. ಜೂನಿನಲ್ಲಿ ಸ್ಕೂಲು ತೆರೆದ ಮೇಲೆ ಅವಳಿಗೆ ಸರಕಾರಿ ಸೈಕಲ್ ಸಿಕ್ಕಿತ್ತು. ಅವತ್ತಿನಿಂದ ಅವಳ ಕ್ಲಾಸಿನ ಗಂಡುಹುಡುಗರಲ್ಲೂ ಅವಳನ್ನು ಹಿಂದೆ ಹಾಕಿದವರಿಲ್ಲ. ಇದು ಅಪ್ಪನಿಗೂ ಗೊತ್ತು, ಅಜ್ಜನಿಗೂ ಗೊತ್ತು.

ಆದರೆ ಅಜ್ಜ ದೊಡ್ಡ ಮಾತು ಆಡಿ ಆಗಿತ್ತು.

“ಹಾಕಿದೆ ಅಂತ ತಿಳಿ,” ಎಂದ.

“ಸೋತ್ರ ಸೈಕಲ್ ಬಿಡಬೇಕು.”

“ಬಿಡ್ತೀನಿ. ಗೆದ್ರ ನೀ ಈ ವಿಚಾರದಾಗ ಮತ್ತ ಬಾಯಿ ತಗೀಬಾರದು.”

“ಆತು. ರವಿವಾರ ಮುಂಜಾನೆ. ಈ ಕಟ್ಟಿಯಿಂದ ಯೂಸುಫಚಾಚಾರ ಅಂಗಡಿ ತನಕ.”

“ನನ್ನ ಯಾರೂ ಕೇಳೇ ಇಲ್ಲಲ್ಲ,” ಎಂದಳು ಪ್ರಿಯಾಂಕಾ. ಅದಕ್ಕೆ ಯಾರೂ ಕಿವಿ ಕೊಡಲಿಲ್ಲ.

“ಮಾವಾರ, ಕಾಲು ಅಲಗ್ಯಾಡಸಬ್ಯಾಡ್ರಿ,” ಎಂದಳು ಅವ್ವ. “ಮದಲ ಇದು ಒಣಗಲಿ.”

ಶನಿವಾರ ಸಂಜೆಯ ಹೊತ್ತಿಗೆ ಪ್ರಿಯಾಂಕಾ ಒಂದು ಉಪಾಯ ಮಾಡಿಕೊಂಡಿದ್ದಳು. ತಾನು ಮೆಲ್ಲಗೆ ತುಳಿದರೆ ಆಯಿತು, ಅಜ್ಜ ಗೆಲ್ಲುತ್ತಾನೆ, ಸೈಕಲ್ ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ. ಅಂಗಳದಲ್ಲಿ ಅಜ್ಜ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು.

ಅಜ್ಜ ತಲೆಯೆತ್ತದೆಯೇ ಹೇಳಿದ, “ನೀ ಏನ್ ವಿಚಾರ ಮಾಡಾಕತ್ತೀದಿ ನನಗ ಗೊತ್ತೈತಿ. ಬೇಕಂತ ಹಿಂದ ಉಳದಿ ಅಂದ್ರ ನಿನ್ನ ಕೂಡ ಮಾತು ಬಿಡ್ತೀನಿ.”

“ನಾ ಗೆದ್ರ ನಿನ್ನ ಸೈಕಲ್ ಹೋಗತೈತಲ್ಲ ಅಜ್ಜಾ?”

“ಮದಲ ಗೆಲ್ಲು. ಜಂಭ ನೋಡು ಹುಡುಗೀದು!”

ಪ್ರಿಯಾಂಕಾಳಿಗೆ ಸಿಟ್ಟು ನೆತ್ತಿಗೇರಿತು. ಉಪಾಯ ಅಲ್ಲಿಗೇ ಮುಗಿಯಿತು. ನಾಳೆ ಈ ಮುದುಕನಿಗೆ ತೋರಿಸುತ್ತೇನೆ ಅಂದುಕೊಂಡು ಎದ್ದು ಹೋದಳು.

ರವಿವಾರ ಅಪ್ಪ ಮೊದಲೇ ಗಾಡಿ ತೆಗೆದುಕೊಂಡು ಬ್ಯಾಡಗಿಗೆ ಹೋಗಿ ಯೂಸುಫಸಾಬನ ಅಂಗಡಿಯ ಮುಂದೆ ನಿಂತ. ರೇಸ್ ಶುರು ಮಾಡುವ ಕೆಲಸ ಅವ್ವನ ಪಾಲಿಗೆ ಬಂತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಹೋಗ್ರಿ ಅತ್ತಾಗ! ನನ್ನ ರೊಟ್ಟಿ ಹೊತ್ತಾಕತ್ತಾವು,” ಅಂದು ಒಳಗೆ ಹೋದಳು. ರೇಸ್ ಶುರುವಾಯಿತು.

ಪ್ರಿಯಾಂಕಾ ಉಸಿರು ಕಟ್ಟಿ ತುಳಿದಳು. ಗುಡಿ ಹೋಯಿತು, ಊರಿನ ಪ್ರೈಮರಿ ಸ್ಕೂಲು ಹೋಯಿತು, ಊರ ಹೊರಗಿನ ಸಣ್ಣ ಸೇತುವೆ ಹೋಯಿತು. ಹಿಂದೆ ನೋಡಿದರೆ ಅಜ್ಜ ಕಾಣಲೇ ಇಲ್ಲ. ಇಷ್ಟೇನಾ ಅನ್ನಿಸಿತು. ಆದರೆ ಬಯಲಿಗೆ ಬಂದದ್ದೇ ಎದುರುಗಾಳಿ ಹೊಡೆಯಿತು. ತೊಡೆ ನೋಯತೊಡಗಿದವು, ಪಕ್ಕೆಯಲ್ಲಿ ಚುಳುಕ್ ಎಂದಿತು. ಆಗ ಹಿಂದಿನಿಂದ ಕೇಳಿಸಿತು.

ಟ್ರಿಣ್.

ಒಂದೇ ಸಲ. ಅಜ್ಜ ಮೈ ಬಗ್ಗಿಸಿ, ಒಂದೇ ಹದದಲ್ಲಿ ತುಳಿಯುತ್ತ ಪಕ್ಕದಲ್ಲೇ ದಾಟಿ ಹೋದ. ತಿರುಗಿ ನೋಡಲಿಲ್ಲ. ಆ ಒಂದೇ ಬೆಲ್ಲು ಎಷ್ಟು ಉರಿ ಹಚ್ಚುತ್ತದೆ ಅಂತ ಪ್ರಿಯಾಂಕಾಳಿಗೆ ಅವತ್ತು ಗೊತ್ತಾಯಿತು. ಇಷ್ಟು ದಿನ ಆ ಕಾಲೇಜು ಹುಡುಗರು ಅಜ್ಜನಿಗೆ ಕಲ್ಲು ಹೊಡೆಯದೆ ಹೇಗೆ ಬಿಟ್ಟರೋ!

ಮುಂದೆ ಏರು ಇತ್ತು. ಅಜ್ಜನ ಹಳೇ ಸೈಕಲ್ ಭಾರ. ಪ್ರಿಯಾಂಕಾ ಸೀಟು ಬಿಟ್ಟೆದ್ದು, ಪೆಡಲ್ ಮೇಲೆ ನಿಂತು ತುಳಿದಳು. ಏರಿನ ನಡುವೆ ಅಜ್ಜನನ್ನು ಹಿಡಿದಳು. ದಾಟುವಾಗ ಅವನ ಉಸಿರು ಕೇಳಿಸಿತು. ಕೊಳೆ ಕಟ್ಟಿದ ಪಂಪಿನಿಂದ ಗಾಳಿ ಬರುವ ಹಾಗೆ ಸುಂಯ್ ಸುಂಯ್ ಅನ್ನುತ್ತಿತ್ತು. ಆದರೂ ಅವಳು ಬೆಲ್ ಹೊಡೆದಳು. ಬೇಕಂತಲೇ ಒಂದೇ ಸಲ.

ಏರು ಇಳಿದು ಹಿಂದೆ ನೋಡಿದರೆ ಅಜ್ಜ ದೂರ ಉಳಿದಿದ್ದ. ಬ್ಯಾಡಗಿಯ ನೀರಿನ ಟ್ಯಾಂಕು ಎದುರಿಗೆ ಕಾಣುತ್ತಿತ್ತು. ಗೆದ್ದೆ ಅಂದುಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬಂತು. ಮೆಣಸಿನಕಾಯಿ ಸುಗ್ಗಿಯ ದಿನಗಳು. ಮರುದಿನದ ಮಾರ್ಕೆಟ್ಟಿಗೆಂದು ಹೊರಟ ಟ್ರೇಲರಿನ ತುಂಬ ಕೆಂಪು ಮೆಣಸಿನಕಾಯಿಯ ಚೀಲಗಳು. ಅವಳು ರಸ್ತೆಯ ಬದಿಗೆ ಸರಿದು ಜಾಗ ಬಿಟ್ಟಳು. ಇಂಜಿನ್ ದಾಟಿತು. ಟ್ರೇಲರ್ ದಾಟಿತು. ಟ್ರೇಲರಿನ ಹಿಂದೆ ಅಜ್ಜನೂ ದಾಟಿದ!

ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಚೀಲ ಕಟ್ಟಿದ ಹಗ್ಗ. ಕಾಲು ತುಳಿಯುತ್ತಲೇ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತವನ ಹಾಗೆ ಮುಖ ನೇರ ಇಟ್ಟುಕೊಂಡಿದ್ದ.

“ಅಜ್ಜಾ! ಮೋಸ!”

ಅಜ್ಜ ರಸ್ತೆಯ ಆಚೆ ಬದಿಯ ಬೇವಿನ ಗಿಡವನ್ನು ಬಹಳ ಆಸಕ್ತಿಯಿಂದ ನೋಡಿದ.

“ಮೂಟಿ! ಸೈಕಲ್ ಮ್ಯಾಲಿನ ಮೂಟಿ!” ಎಂದು ಕಿರುಚಿದಳು ಪ್ರಿಯಾಂಕಾ.

ಅದು ಅಜ್ಜನಿಗೆ ತಾಗಿತು. ಉತ್ತರ ಕೊಡಲು ಬಾಯಿ ತೆರೆದ. ಮೆಣಸಿನಕಾಯಿ ಹೇರಿದ ಗಾಡಿಯ ಹಿಂದೆ ಹೋಗುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಬೇಕೆಂದು ಬ್ಯಾಡಗಿಯ ಕೂಸಿಗೂ ಗೊತ್ತು. ಅಜ್ಜನಿಗೂ ಗೊತ್ತು. ಆದರೆ ಮೋಸ ಮಾಡುವ ಅವಸರದಲ್ಲಿ ಅದೆಲ್ಲ ಎಲ್ಲಿ ನೆನಪಾಗಬೇಕು?

ಮೊದಲನೇ ಸೀನಿಗೆ ಹಗ್ಗ ಕೈಬಿಟ್ಟಿತು. ಎರಡನೇ ಸೀನಿಗೆ, ರಾಣೇಬೆನ್ನೂರಿನಲ್ಲಿ ಮಾಡಿಸಿದ ಹಲ್ಲಿನ ಸೆಟ್ಟು ಬಾಯಿಂದ ಹಾರಿತು. ಮೂರನೇ ಸೀನಿಗೆ ಅಜ್ಜ ಸೈಕಲ್ ಸಮೇತ ರಸ್ತೆ ಬದಿಯ ಗೋವಿನಜೋಳದ ಒಣದಂಟಿನ ಸೊಪ್ಪೆಯ ರಾಶಿಗೆ ನುಗ್ಗಿದ. ಟ್ರ್ಯಾಕ್ಟರಿನವನು ಏನೂ ಗೊತ್ತಾಗದೆ ಹಾಡು ಹಚ್ಚಿಕೊಂಡು ಹೊರಟೇಹೋದ.

ಪ್ರಿಯಾಂಕಾ ಬ್ರೇಕ್ ಹಾಕಿದಳು. ಮುಂದಿನ ರಸ್ತೆ ಖಾಲಿ ಇತ್ತು. ಈಗ ಸುಮ್ಮನೆ ತುಳಿದುಕೊಂಡು ಹೋದರೂ ಗೆಲುವು ಅವಳದೇ, ಮೋಸ ಮಾಡಿದವರಿಗೆ ಹೀಗೇ ಆಗಬೇಕು. ಆದರೆ ಸೊಪ್ಪೆಯ ರಾಶಿಯಿಂದ ಎರಡು ಖಾಕಿ ಕಾಲು ಹೊರಗೆ ಕಾಣುತ್ತಿದ್ದವು, ಅಲುಗಾಡುತ್ತಿರಲಿಲ್ಲ. ಅವಳು ಸೈಕಲ್ ಅಲ್ಲೇ ಒಗೆದು ಓಡಿದಳು.

“ಅಜ್ಜಾ! ಅಜ್ಜಾ, ಪೆಟ್ಟಾತೇನು?”

ಕಾಲು ಅಲುಗಾಡಿದವು. ಸೊಪ್ಪೆಯೊಳಗಿಂದ ಅಜ್ಜ ಎದ್ದು ಕೂತ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಮಾತಾಡಲು ಹೋದ, ಬರೀ ಗಾಳಿ ಬಂತು. ಕೊನೆಗೆ ಖಾಲಿ ಬಾಯಿಗೆ ಬೆರಳು ತೋರಿಸಿ, ರಸ್ತೆಯ ಕಡೆ ಕೈ ಮಾಡಿದ.

ಹಲ್ಲಿನ ಸೆಟ್ಟು ರಸ್ತೆಯ ನಟ್ಟನಡುವೆ ಬಿದ್ದು ಹಲ್ಲು ಕಿರಿಯುತ್ತಿತ್ತು. ಅದರ ಕಡೆಗೆ ಇನ್ನೊಂದು ಟ್ರ್ಯಾಕ್ಟರ್ ಬರುತ್ತಿತ್ತು. ಪ್ರಿಯಾಂಕಾ ದೂರದಿಂದಲೇ ಎರಡೂ ಕೈ ಬೀಸಿದಳು.

“ನಿಂದರ್ಸ್ರಿ! ನಿಂದರ್ಸ್ರಿ!”

ಡ್ರೈವರ್ ಗಾಬರಿಯಾಗಿ ನಿಲ್ಲಿಸಿದ. “ಏನ್ ಬಿದ್ದೈತವಾ, ಬಂಗಾರೇನು?”

“ಅಲ್ರಿ, ಹಲ್ಲು! ನಮ್ಮ ಅಜ್ಜಂದು!”

ನಕ್ಕ ರಭಸಕ್ಕೆ ಡ್ರೈವರನಿಗೆ ಬಹಳ ಹೊತ್ತು ಗೇರ್ ಹಾಕಲು ಆಗಲಿಲ್ಲ.

ಅಜ್ಜ ಅವಳ ಬಾಟಲಿಯ ನೀರಿನಲ್ಲಿ ಹಲ್ಲು ತೊಳೆದು ಹಾಕಿಕೊಂಡ. ಹಗ್ಗ ಹಿಡಿದ ಕೈಗೆ ಮೆಣಸಿನಕಾಯಿಯ ಪುಡಿ ಮೆತ್ತಿತ್ತು. ಆ ಕೈಯನ್ನು ತೊಳೆದಿರಲಿಲ್ಲ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅಜ್ಜ ಕೂತಲ್ಲಿಂದ ಚಂಗನೆ ನೆಗೆದ.

“ಹಾ! ಹಾ! ನೀರ ಕೊಡ, ಸುಡಗಾಡ ನೀರ ಕೊಡ!”

ಉಳಿದ ನೀರೆಲ್ಲ ಅವನ ಬಾಯಿಗೇ ಹೋಯಿತು. ಪ್ರಿಯಾಂಕಾ ನಕ್ಕೂ ನಕ್ಕೂ ರಸ್ತೆಯ ಮೇಲೇ ಕೂತುಬಿಟ್ಟಳು. ಅಜ್ಜನೂ ನಕ್ಕ. ಆಮೇಲೆ ಅಜ್ಜ ನಗುವುದನ್ನು ನಿಲ್ಲಿಸಿದ, ಕಣ್ಣೀರು ಮಾತ್ರ ನಿಲ್ಲಲಿಲ್ಲ. ಅದಷ್ಟೂ ಮೆಣಸಿನಕಾಯಿಯದಲ್ಲ ಅಂತ ಅವಳಿಗೆ ಅನ್ನಿಸಿತು.

“ಕಾನೂನು ಮಾಡಿದಾಂವ ನೀನ ಅಲ್ಲೇನು ಅಜ್ಜಾ? ಮತ್ತ ಯಾಕ ಹಗ್ಗ ಹಿಡದಿ?”

“ಅಂಜಿಕಿ ಬಂತು,” ಎಂದ ಅಜ್ಜ. “ಏರಿನ್ಯಾಗ ನೀ ಹೋದಿ. ನಾ ಎಷ್ಟು ತುಳದ್ರೂ ಸೈಕಲ್ ಮುಂದ ಹೋಗವಲ್ದು. ಇವತ್ತಿಗೆ ಮುಗೀತು ಅನಿಸ್ತು. ಅಷ್ಟರಾಗ ಹಗ್ಗ ಕೈಗೆ ಸಿಕ್ತು.”

“ಸೈಕಲ್ ಹೋದ್ರ ಏನಾತು? ಅಪ್ಪ ಗಾಡಿ ಮ್ಯಾಲೆ ಕರಕೊಂಡು ಹೋಗ್ತಾನಲ್ಲ?”

“ಕರಕೊಂಡು ಹೋಗ್ತಾನ. ಒಳ್ಳೇಂವ ಅದಾನ. ಆದ್ರ ಕೇಳಬೇಕಲ್ಲವಾ. ಕಟಿಂಗ್ ಮಾಡಿಸಾಕ ಕೇಳಬೇಕು. ಯೂಸುಫನ ಕೂಡ ಚಾ ಕುಡಿಯಾಕ ಕೇಳಬೇಕು. ಸುಮ್ನ ಒಂದು ಸುತ್ತು ಹೊರಗ ಹೋಗಿ ಬರಬೇಕು ಅನಿಸಿದ್ರೂ, ಎಲ್ಲಿಗೆ, ಯಾಕ ಅಂತ ಹೇಳಬೇಕು. ದಿನಾ ಒಬ್ಬ ಹುಡುಗನ್ನ ಹಿಂದ ಹಾಕಿದ್ರ, ಇವತ್ತೊಂದು ದಿನ ಯಾರನ್ನೂ ಕೇಳೂದು ಬ್ಯಾಡ ಅಂತ ನಾ ತಿಳಕೋತೀನಿ. ಇಷ್ಟ ನೋಡು.”

ಪ್ರಿಯಾಂಕಾಳಿಗೆ ನೆನಪಾಯಿತು. ಸೈಕಲ್ ಸಿಕ್ಕ ದಿನ ಅವಳು ಸುಮ್ಮಸುಮ್ಮನೆ ಊರು ಸುತ್ತಿದ್ದಳು. ಎಲ್ಲಿಗೂ ಹೋಗುವುದಿರಲಿಲ್ಲ. ಎಲ್ಲಿಗೆ ಅಂತ ಯಾರೂ ಕೇಳದೇ ಇದ್ದದ್ದೇ ಖುಷಿಯಾಗಿತ್ತು.

“ಏಳು ಅಜ್ಜಾ,” ಎಂದಳು. “ಇಲ್ಲಿಂದ ಮತ್ತ ಶುರು ಮಾಡೋಣು. ಇಬ್ಬರೂ ಕೂಡೇ.”

“ನೀ ಮುಂದಿದ್ದಿ.”

“ಈಗ ಇಲ್ಲ. ಒನ್, ಟೂ…”

ಟೂ ಅನ್ನುವಷ್ಟರಲ್ಲಿ ಅಜ್ಜ ಹೊರಟೇಬಿಟ್ಟಿದ್ದ.

“ಅಜ್ಜಾ!” ಎಂದು ಕೂಗುತ್ತ ಅವಳು ಬೆನ್ನುಹತ್ತಿದಳು. ಊರು ಬಂತು, ಖಾರದ ಘಾಟು ಬಂತು. ಚೀಲ ಇಳಿಸುವವರು ಕೆಲಸ ಬಿಟ್ಟು ನೋಡಿದರು. ಸೊಪ್ಪೆ ಮೆತ್ತಿಕೊಂಡ ಒಬ್ಬ ಮುದುಕ, ಜಡೆ ಬಿಚ್ಚಿಹೋದ ಒಬ್ಬ ಹುಡುಗಿ, ಸರಿಸಮ ತುಳಿಯುತ್ತಿದ್ದರು. ಒಮ್ಮೆ ಅಜ್ಜ ಮುಂದೆ, ಒಮ್ಮೆ ಅವಳು ಮುಂದೆ. ಪ್ರಿಯಾಂಕಾ ಒಂದು ಸಲವೂ ಬ್ರೇಕಿಗೆ ಕೈ ಹಾಕಲಿಲ್ಲ. ಅಂಗಡಿ ಮುಟ್ಟಿದಾಗ ಅವಳ ಗಾಲಿ ಅಜ್ಜನ ಗಾಲಿಗಿಂತ ಒಂದು ಮೊಳ ಮುಂದಿತ್ತು.

ಅಜ್ಜ ಹ್ಯಾಂಡಲ್ ಮೇಲೆ ಒರಗಿ ಏದುಸಿರು ಬಿಡುತ್ತ ನಗತೊಡಗಿದ. “ಹಿಂದ ಹಾಕಿಬಿಟ್ಟಳೋ ಯೂಸುಫಾ! ಖರೇನ ಹಿಂದ ಹಾಕಿಬಿಟ್ಟಳು!”

ಆಮೇಲೆ ಅವನಿಗೆ ಅಪ್ಪ ಕಂಡ. ನಗು ಅಲ್ಲಿಗೇ ನಿಂತಿತು.

“ಇನ್ನೊಂದು ಹೇಳಬೇಕು,” ಎಂದ ಅಜ್ಜ. “ನಡುವ ನಾ ಟ್ರ್ಯಾಕ್ಟರ್ ಹಿಡದಿದ್ದೆ.”

ಯೂಸುಫಸಾಬನ ಕೈಯಿಂದ ನಟ್ಟು ಬಿಗಿಯುವ ಪಾನಾ ಕೆಳಗೆ ಬಿತ್ತು. “ಪರಮೇಶಿ! ನೀನ?” ಎಂದ. ಅವನಿಗಾದ ದುಃಖ ಬೇರೆ ಯಾರಿಗೂ ಆಗಲಿಲ್ಲ.

ಅಜ್ಜ ಸೈಕಲಿಗೆ ಸ್ಟ್ಯಾಂಡ್ ಹಾಕಿ, ಕೀಲಿ ತೆಗೆದು ಅಪ್ಪನ ಕೈಗೆ ಕೊಟ್ಟ. ಅಪ್ಪನ ಮುಖದಲ್ಲೂ ಖುಷಿ ಇರಲಿಲ್ಲ. “ಬರ್ರಿ ಅಪ್ಪಾ, ಕುಂದ್ರಿ. ಮನಿಗೆ ಹೋಗೋಣು,” ಎಂದು ಮೆತ್ತಗೆ ಹೇಳಿ ಗಾಡಿ ಹತ್ತಿದ. ಅಜ್ಜ ಹಿಂದೆ ಕೂತ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ತೊಡೆಯ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ.

ಗೆದ್ದ ಪ್ರಿಯಾಂಕಾಳಿಗೆ ಅಳು ಬರುವ ಹಾಗಾಯಿತು.

“ಅಪ್ಪಾ, ನಿಂದ್ರು,” ಎಂದಳು. “ಕೀಲಿ ನನಗ ಕೊಡು.”

“ನಿನಗ್ಯಾಕ?”

“ಗೆದ್ದಾಕಿ ನಾನು. ನೀ ಇಲ್ಲಿ ನಿಂತು ಚಾ ಕುಡದಿ ಅಷ್ಟ. ಸೈಕಲ್ ನಂದು.”

ಅಪ್ಪ ಯೂಸುಫಸಾಬನ ಕಡೆ ನೋಡಿದ. ಯೂಸುಫಸಾಬ ಗಡ್ಡ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದ. “ಹುಡುಗಿ ಹೇಳೂದು ಬರೋಬರಿ ಐತಿ ಶಶಿ. ಗೆದ್ದವರಿಗೇ ಮಾಲು.”

“ಅಕಿ ಸೈಕಲ್ ಯಾರಿಗೆ ಕೊಡ್ತಾಳ ನನಗ ಗೊತ್ತಿಲ್ಲೇನ್ರಿ ಚಾಚಾ? ಇವರು ಮತ್ತ ಬಿದ್ರ?”

“ನಾ ಕಲಿಯೂ ಮುಂದ ಎಷ್ಟು ಸಲ ಬಿದ್ದೆ,” ಎಂದಳು ಪ್ರಿಯಾಂಕಾ. “ನನ್ನ ಸೈಕಲ್ ನೀ ಕಸಗೊಂಡ್ಯೇನು?”

ಅಪ್ಪ ಕೀಲಿಯನ್ನು ಅಂಗೈಯಲ್ಲಿ ಒಂದೆರಡು ಸಲ ತಿರುಗಿಸಿದ. ಆಮೇಲೆ ಅವಳಿಗೆ ಕೊಟ್ಟ. “ಟ್ರ್ಯಾಕ್ಟರ್ ಹಿಡಿಯೂದು ಬಂದ್,” ಎಂದ.

“ಅದು ಮದಲಿಂದೂ ಬಂದ್ ಐತಿ!” ಎಂದ ಯೂಸುಫಸಾಬ, ಸಿಟ್ಟು ಇನ್ನೂ ಇಳಿಯದೆ.

ಅಜ್ಜ ಗಾಡಿಯಿಂದ ಇಳಿದು ಅವಳ ಹತ್ತಿರ ಬಂದ. “ಅಂದ್ರ ಇನ್ನ ಮ್ಯಾಲೆ ನಾ ದಿನಾ ನಿನ್ನ ಕೇಳಿ ಒಯ್ಯಬೇಕೇನವಾ?” ಎಂದ. ತಮಾಷೆಗೆ ಅಂದ ಹಾಗೆ ಅಂದ, ಆದರೆ ಅವನ ಮುಖದಲ್ಲಿ ನಗು ಇರಲಿಲ್ಲ.

ಹೂಂ, ಕೈ ಮುಗಿದು ಕೇಳಬೇಕು ಅಂತ ಅವಳ ಬಾಯಿಗೆ ಬಂದಿತ್ತು. ಅಜ್ಜನ ಮುಖ ನೋಡಿ ನುಂಗಿಕೊಂಡಳು.

“ಈಗ ನಡಿ, ಹಸಿವ್ಯಾಗೈತಿ,” ಎಂದಳು. “ನನಗ ಒಮ್ಮೆಲೇ ಎರಡು ಸೈಕಲ್ ತುಳಿಯಾಕ ಬರೂದಿಲ್ಲ.”

ಮನೆಗೆ ಬಂದವಳೇ ಸುತ್ತಿಗೆ ಹುಡುಕಿದಳು. ಹೊರಗೆ ಕಟ್ಟೆಯ ಪಕ್ಕದ ಗೋಡೆಗೆ, ಅಜ್ಜನ ಕೈಗೆ ಸಿಗುವಷ್ಟು ಎತ್ತರದಲ್ಲಿ ಒಂದು ಮೊಳೆ ಹೊಡೆದಳು. ಕೀಲಿಯನ್ನು ಅದಕ್ಕೆ ತೂಗುಹಾಕಿ, ಯಾರಿಗೂ ಏನೂ ಹೇಳದೆ ಊಟಕ್ಕೆ ಕೂತಳು.

ಸೋಮವಾರ ಬೆಳಿಗ್ಗೆ ಸ್ಕೂಲಿಗೆ ಹೊರಟಾಗ ಮೊಳೆ ಖಾಲಿ ಇತ್ತು. ಅಂಗಳದಲ್ಲಿ ಅವಳ ಸೈಕಲ್ ಒಂದೇ ನಿಂತಿತ್ತು. ಅವ್ವ ಚಹಾದ ಕಪ್ಪು ಹಿಡಿದು ಹೊರಗೆ ಬಂದು ಕಟ್ಟೆ ನೋಡಿದಳು, ರಸ್ತೆ ನೋಡಿದಳು.

“ನಿಮ್ಮ ಅಜ್ಜ ಎಲ್ಲಿ ಹೋದ್ರು?”

“ಗೊತ್ತಿಲ್ಲವಾ,” ಎಂದಳು ಪ್ರಿಯಾಂಕಾ, ಕ್ಯಾರಿಯರಿಗೆ ಪಾಟೀಚೀಲ ಸಿಗಿಸುತ್ತ. “ನಾ ಕೇಳಿಲ್ಲ.”